ಬಾಟಲಿ ನಂಬರ್ 53ಎನ್

(1/3)
ಪಿಯುಸಿ ಸೈನ್ಸ್ ಮುಗಿಸಿ ಎಂಎಲ್‌ಟಿ ಅಥವಾ ಬಯೋಮೆಡಿಕಲ್ ಸೈನ್ಸ್ ಸೇರ್ಬೇಕು ಅಂತಿದ್ದೀರಾ? ಹಾಗಾದ್ರೆ ಈ ಸಲದ ಇತಿಹಾಸ ನಿಮಗೆ. "ಯಾವಾಗ ನೋಡಿದ್ರೂ ಸ್ಟೆರಿಲೈಸೇಷನ್, ಲೇಬಲ್, ರಿಜಿಸ್ಟರ್" ಅಂತ ಆ ಕೋರ್ಸ್ ಓದೋರು ಗೊಣಗೋದನ್ನ ನೀವೂ ಕೇಳಿರ್ತೀರಿ. ಅದ್ಯಾಕೆ ಅಷ್ಟು ಮುಖ್ಯ ಅಂತ ತಿಳಿಯೋಕೆ ನೂರಿಪ್ಪತ್ತು ವರ್ಷ ಹಿಂದೆ ಹೋಗೋಣ ಬನ್ನಿ.

1896ರಲ್ಲಿ ಬಾಂಬೆಗೆ ಪ್ಲೇಗ್ ಬಂತು. ಲಸಿಕೆ ತಯಾರಿಸೋಕೆ ಸರ್ಕಾರ ಕರೆಸಿದ್ದು ವಾಲ್ಡೆಮಾರ್ ಹಾಫ್‌ಕಿನ್ ಅವರನ್ನ. ಒಡೆಸ್ಸಾದಲ್ಲಿ ಹುಟ್ಟಿದವರು, ಪ್ಯಾರಿಸ್‌ನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲಿ ಕೆಲಸ ಕಲಿತವರು. ಗಮನಿಸಿ, ಇವರು ಡಾಕ್ಟರ್ ಅಲ್ಲ. ಓದಿದ್ದು ಪ್ರಾಣಿಶಾಸ್ತ್ರ, ಬದುಕಿದ್ದು ಲ್ಯಾಬ್‌ನಲ್ಲಿ. ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಪುಟ್ಟ ಜಾಗದಲ್ಲಿ ಪ್ಲೇಗ್ ಬ್ಯಾಕ್ಟೀರಿಯಾ ಬೆಳೆಸಿ, ಬಿಸಿ ಮಾಡಿ ಕೊಂದು, ಲಸಿಕೆ ಮಾಡಿದರು. 1897ರ ಜನವರಿ 10ರಂದು ಅದನ್ನ ಮೊದಲು ಚುಚ್ಚಿಕೊಂಡಿದ್ದು ತಮಗೇ! 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲೂ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು.

(2/3)
ಈಗ ಬನ್ನಿ ಪಂಜಾಬಿಗೆ. ಮುಲ್ಕೊವಾಲ್ ಅನ್ನೋ ಹಳ್ಳಿ, 1902ರ ಅಕ್ಟೋಬರ್ 30. ಅವತ್ತು ಲಸಿಕೆ ಹಾಕಿಸಿಕೊಂಡವರು 107 ಜನ. ಸುಮಾರು ಒಂದು ವಾರ ಆದ್ಮೇಲೆ ಕೆಲವರಿಗೆ ದವಡೆ ಬಿಗಿಯೋಕೆ ಶುರು. ಅದು ಧನುರ್ವಾಯು. 19 ಜನ ಸತ್ತರು.

ಆ 19 ಜನಕ್ಕೂ ಲಸಿಕೆ ಹೋಗಿದ್ದು ಒಂದೇ ಬಾಟಲಿಯಿಂದ. ಅದರ ನಂಬರ್ 53ಎನ್. ಉಳಿದ 88 ಜನಕ್ಕೆ ಬೇರೆ ಬಾಟಲಿಗಳಿಂದ ಹಾಕಿದ್ದರು, ಅವರಿಗೆ ಏನೂ ಆಗಲಿಲ್ಲ.

ತನಿಖಾ ಆಯೋಗ ಕೂತಿತು. ಹಾಫ್‌ಕಿನ್ ತಯಾರಿಕೆಯ ವಿಧಾನದಲ್ಲಿ ಒಂದು ಬದಲಾವಣೆ ಮಾಡಿದ್ದರು: ಕಾರ್ಬಾಲಿಕ್ ಆಸಿಡ್ ಬಿಟ್ಟು, ಬರೀ ಶಾಖದಿಂದ ಶುದ್ಧಿ ಮಾಡೋದು. ಆಯೋಗ ಅದನ್ನೇ ಹಿಡ್ಕೊಂಡು, ಬಾಂಬೆ ಲ್ಯಾಬ್‌ನಲ್ಲೇ ಬಾಟಲಿ ಕೆಟ್ಟಿದೆ ಅಂತ ತೀರ್ಮಾನಿಸಿತು. ಹಾಫ್‌ಕಿನ್ ಕೆಲಸ ಹೋಯ್ತು, ಹೆಸರೂ ಹೋಯ್ತು.

(3/3)
ಆದರೆ ಸಾಕ್ಷಿ ಹೇಳಿಕೆಗಳಲ್ಲಿ ಒಂದು ಸಣ್ಣ ವಿಷಯ ಇತ್ತು. ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಸರಿಯಾಗಿ ಶುದ್ಧಿ ಮಾಡದೇ ಅದರಿಂದಲೇ ಬಿರಡೆ ತೆಗೆದಿದ್ದರು. ಧನುರ್ವಾಯುವಿನ ಬ್ಯಾಕ್ಟೀರಿಯಾ ವಾಸ ಮಾಡೋದೇ ಮಣ್ಣಲ್ಲಿ! ಇನ್ನೊಂದು: ಆ ಬ್ಯಾಕ್ಟೀರಿಯಾ ಬಾಂಬೆಯಿಂದಲೇ ಬಾಟಲಿಯಲ್ಲಿ ಬೆಳೀತಾ ಬಂದಿದ್ದರೆ ಕೆಟ್ಟ ವಾಸನೆ ಬರಬೇಕಿತ್ತು. ತೆರೆದ ಡಾಕ್ಟರ್ ಮೂಸಿ ನೋಡಿದಾಗ ವಾಸನೆ ಇರಲಿಲ್ಲ.

1907ರ ಜುಲೈನಲ್ಲಿ ರೊನಾಲ್ಡ್ ರಾಸ್ ಮತ್ತು ಇತರ ವಿಜ್ಞಾನಿಗಳು ಲಂಡನ್‌ನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಹಾಫ್‌ಕಿನ್ ಪರ ನಿಂತರು. ಅದೇ ವರ್ಷದ ಕೊನೆಗೆ ಅವರು ಆರೋಪಮುಕ್ತರಾದರು. 1925ರಲ್ಲಿ ಬಾಂಬೆಯ ಪರೇಲ್‌ನಲ್ಲಿದ್ದ ಆ ಲ್ಯಾಬ್‌ಗೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಅಂತ ಹೆಸರಾಯ್ತು. ಆದರೆ ಕಳೆದ ಅಷ್ಟು ವರ್ಷ ವಾಪಸ್ ಬರಲಿಲ್ಲ. 19 ಜೀವವೂ ಬರಲಿಲ್ಲ.

ಬಿಕಾಂ ಓದೋ ನನಗೆ ಇದರಲ್ಲಿ ಕಾಣೋದು ಆಡಿಟ್. ನಮ್ಮಲ್ಲಿ ವೋಚರ್ ನಂಬರ್ ಇದ್ದ ಹಾಗೆ, ಅಲ್ಲಿ ಬಾಟಲಿ ನಂಬರ್. ಯಾವ ಬಾಟಲಿ ಯಾರಿಗೆ ಅಂತ ಬರೆದಿಟ್ಟಿದ್ದಕ್ಕೇ ತಪ್ಪು ಒಂದೇ ಬಾಟಲಿಯಲ್ಲಿ ಇದೆ ಅಂತ ಗೊತ್ತಾಯ್ತು. ಅದೇ ದಾಖಲೆ ಮುಂದೆ ಒಬ್ಬ ನಿರಪರಾಧಿಯನ್ನೂ ಉಳಿಸಿತು. ಆ ಸಹಾಯಕನನ್ನ ಬೈಯೋದು ಸುಲಭ. ಆದರೆ ಬಿದ್ದ ಇಕ್ಕಳ ಯಾಕೆ ಮುಟ್ಟಬಾರದು ಅಂತ ಅವನಿಗೆ ಯಾರಾದ್ರೂ ಕೂರಿಸಿ ಕಲಿಸಿದ್ರಾ ಅನ್ನೋದೇ ನನ್ನ ಪ್ರಶ್ನೆ. ಕಲಿಸೋಕೆ ಅಂತಲೇ ಇವತ್ತು ಡಿಗ್ರಿ ಇದೆ. 2021ರಲ್ಲಿ ಲ್ಯಾಬ್ ವೃತ್ತಿಯವರನ್ನೂ ಸೇರಿಸಿಕೊಂಡು ರಾಷ್ಟ್ರೀಯ ಕಾಯ್ದೆ ಬಂದಿದೆ.

ಹಾಗಾಗಿ ಸೇರೋ ಮುಂಚೆ ಕಾಲೇಜಿಗೆ ಹೋಗಿ ಫೀಸ್ ಜೊತೆ ಇದನ್ನೂ ಕೇಳಿ: ಲ್ಯಾಬ್‌ನಲ್ಲಿ ಕೈಯಾರೆ ಎಷ್ಟು ಗಂಟೆ ಕೆಲಸ ಮಾಡಿಸ್ತೀರಿ? ಉತ್ತರ ತಡವರಿಸಿದರೆ ಮುಂದಿನ ಕಾಲೇಜು ನೋಡಿ.

ಎಂಎಲ್‌ಟಿ ಓದೋ ಫ್ರೆಂಡ್‌ಗೆ ಟ್ಯಾಗ್ ಮಾಡಿ. ಸೇವ್ ಮಾಡ್ಕೊಳ್ಳಿ.

#ಇತಿಹಾಸ #ಎಂಎಲ್‌ಟಿ #ಕನ್ನಡ