ಮನೋರಮೆ ಅಡ್ಡಬಾಯಿ ಹಾಕಿದಲ್ಲಿ: ಕರಾವಳಿಯ ಆರೋಗ್ಯ ಬರಹದ ಒಂದು ಚರಿತ್ರೆ

ಹೊರಗೆ ಮಳೆಗಾಲ. ಅರಮನೆಯಿಂದ ದಣಿದು ಬಂದ ಗಂಡನನ್ನು ಉಪಚರಿಸಿದ ಹೆಂಡತಿ, ಹೊತ್ತು ಹೋಗಲು ಒಂದು ಕಥೆ ಹೇಳೆಂದು ಕೇಳುತ್ತಾಳೆ. ಯಾವ ಕಥೆ ಎಂಬುದಕ್ಕೆ ಅವಳದೇ ಆಯ್ಕೆ, ಪದ್ಯವೋ ಗದ್ಯವೋ ಎಂಬುದಕ್ಕೂ ಅವಳದೇ ತೀರ್ಪು. ಗಂಡ ಸಂಸ್ಕೃತದ ಬಿಗಿಯಲ್ಲಿ ಆರಂಭಿಸಿದರೆ ಅಲ್ಲೇ ತಡೆದು, ತನಗೆ ತಿಳಿಯುವ ಕನ್ನಡ ಬೇಕೆಂದು ಹಟ ಹಿಡಿಯುತ್ತಾಳೆ. ಕಾರ್ಕಳ ತಾಲ್ಲೂಕಿನ ನಂದಳಿಕೆಯ ಲಕ್ಷ್ಮೀನಾರಣಪ್ಪ ಮುದ್ದಣನೆಂಬ ಹೆಸರಿನಲ್ಲಿ ‘ಶ್ರೀರಾಮಾಶ್ವಮೇಧ’ಕ್ಕೆ ಕಟ್ಟಿದ ಚೌಕಟ್ಟು ಇದು. ಸಾಹಿತ್ಯ ಚರಿತ್ರೆ ಅವನನ್ನು ಹೊಸಗನ್ನಡದ ಮುಂಗೋಳಿ ಎಂದು ಗೌರವಿಸಿದೆ. ಆದರೆ ಆ ಕೃತಿಯಲ್ಲಿ ಮಾತಿನ ಕಲೆಯ ದೊಡ್ಡ ಪಾಠ ಹೇಳಿದವಳು ಆ ಹೆಂಡತಿ, ಮನೋರಮೆ. ಕೇಳುವವರಿಗೆ ತಡೆಯುವ ಹಕ್ಕು ಇದ್ದಾಗಲೇ ಹೇಳುವವನ ಭಾಷೆ ನೆಟ್ಟಗಾಗುತ್ತದೆ ಎಂಬುದನ್ನು ಅವಳು ಮಾಡಿ ತೋರಿಸಿದಳು.

1870ರಲ್ಲಿ ಹುಟ್ಟಿದ ಮುದ್ದಣ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ. ಮಕ್ಕಳ ಮೈ ಗಟ್ಟಿಮಾಡುವ ಕೆಲಸದಲ್ಲಿದ್ದ ಅವನನ್ನು 1901ರಲ್ಲಿ ಕ್ಷಯ ಕೊಂಡೊಯ್ದಿತು. ಆಗ ಅವನಿಗೆ 31 ವರ್ಷ. ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿ ಅಷ್ಟು ಹೊತ್ತಿಗೆ ಹತ್ತೊಂಬತ್ತು ವರ್ಷ ಕಳೆದಿತ್ತು. ಆದರೆ ರೋಗವನ್ನು ಗುಣಪಡಿಸುವ ಔಷಧಿ ಬರಲು ಇನ್ನೂ ನಾಲ್ಕು ದಶಕ ಕಾಯಬೇಕಿತ್ತು. ಕರಾವಳಿಯಲ್ಲಿ ಆರೋಗ್ಯದ ಮಾತು ಹೇಗೆ ಬರಹವಾಯಿತು ಎಂದು ಹುಡುಕುವವರಿಗೆ ನಂದಳಿಕೆಯಿಂದ ಹೊರಡುವುದು ಸರಿಯೆನಿಸುವುದು ಮನೋರಮೆಯ ಪಾಠ, ಮುದ್ದಣನ ಸಾವು ಎಂಬ ಈ ಎರಡೂ ಕಾರಣಗಳಿಂದ.

ಕನ್ನಡದಲ್ಲಿ ವೈದ್ಯ ಬರಹ ಅದಕ್ಕಿಂತ ಬಹಳ ಹಳೆಯದು. ಕೀರ್ತಿವರ್ಮನ ‘ಗೋವೈದ್ಯ’ ದನಕರುಗಳ ಚಿಕಿತ್ಸೆಯನ್ನು ಹೇಳಿದರೆ, 14ನೇ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯವನ್ನು ಪದ್ಯದಲ್ಲಿ ಕಟ್ಟಿಕೊಟ್ಟಿತು. ಪದ್ಯವನ್ನು ಆರಿಸಿದ್ದಕ್ಕೆ ಕಾರಣವಿತ್ತು: ಹಾವು ಕಚ್ಚಿದ ಹೊತ್ತಿನಲ್ಲಿ ಓಲೆಗರಿ ಬಿಚ್ಚಿ ಹುಡುಕುವುದಕ್ಕಾಗದು, ಮದ್ದು ಬಾಯಿಗೇ ಬರಬೇಕು. ಆದರೆ ಆ ಪದ್ಯಗಳು ಮಾತಾಡುವುದು ವೈದ್ಯನೊಂದಿಗೆ. ಕಚ್ಚಿಸಿಕೊಂಡವನಾಗಲಿ ಅವನ ಮನೆಯವರಾಗಲಿ ಆ ಸಂಭಾಷಣೆಯಲ್ಲಿ ಇಲ್ಲ.

ಮನೆಯವರ ಜ್ಞಾನ ಬೇರೆಡೆ ಇತ್ತು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ಪಾಲೆ ಮರದ ತೊಗಟೆ ತಂದು, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಕಷಾಯ ಮಾಡಿ ಬರಿಹೊಟ್ಟೆಯಲ್ಲಿ ಕುಡಿಯುವುದು ರೂಢಿ. ತೊಗಟೆಗೆ ಕಬ್ಬಿಣ ತಾಗಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಇದು ಎಲ್ಲೂ ಬರೆದಿಡದೆ ಉಳಿದುಬಂದ ಆರೋಗ್ಯ ಸೂಚನೆ. ತಿಥಿ, ಹೊತ್ತು, ಸಾಧನ, ಪಥ್ಯ ಎಲ್ಲವೂ ಅದರಲ್ಲಿದೆ. ಅದರ ಜೀವ ಇರುವುದು ಮಾತ್ರ ಜೊತೆಗೆ ನಡೆದುಹೋಗುವ ಹಿರಿಯರಲ್ಲಿ. ಪಾಲೆಯ ಎಲೆಗಳು ಒಂದು ಗಿಣ್ಣಿನ ಸುತ್ತ ಗುಂಪಾಗಿ ಹರಡಿರುತ್ತವೆ, ಸಪ್ತಪರ್ಣಿ ಎಂಬ ಹೆಸರು ಬಂದದ್ದು ಅದಕ್ಕೇ. ಗಾಯ ಮಾಡಿದರೆ ಹಾಲು ಜಿನುಗುತ್ತದೆ. ಪಾಲೆಯೆಂದು ಮೋಸಹೋಗಬಹುದಾದ ಕಾಸರಕದ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಹಾಲು ಬರುವುದಿಲ್ಲ, ಆದರೆ ತೊಗಟೆ ಕಡುವಿಷ. ನಸುಕಿನ ಕತ್ತಲಲ್ಲಿ ಈ ಎರಡನ್ನು ಗೊತ್ತುಮಾಡಲು ‘ಇದೇ ಮರವಾ ಅಜ್ಜ?’ ಎಂದು ಕೇಳುವ ಮೊಮ್ಮಗ ಬೇಕು, ಉತ್ತರ ಗೊತ್ತಿರುವ ಅಜ್ಜನೂ ಬೇಕು. ಆ ಜೋಡಿ ತಪ್ಪಿದ ಮನೆಗಳಿಗೆ ಮರ ಗುರುತಿಸುವ ಎಚ್ಚರವನ್ನು ಈಗ ಪತ್ರಿಕೆಯೇ ಹೇಳಬೇಕಾಗಿದೆ.

ಕಾಪುವಿನಲ್ಲಿ ರೋಗದ ಭಾಷೆಯೇ ಬೇರೆ. ಅಲ್ಲಿನ ಮಾರಿಗುಡಿಗಳಲ್ಲಿ ವರ್ಷಕ್ಕೆ ಮೂರು ಬಾರಿ, ಸುಗ್ಗಿ, ಆಟಿ ಮತ್ತು ಜಾರ್ದೆ ಎಂಬ ತುಳು ತಿಂಗಳುಗಳಲ್ಲಿ, ಮಾರಿಪೂಜೆ ನಡೆಯುತ್ತದೆ. ಸಿಡುಬನ್ನು ‘ಅಮ್ಮ’ ಎಂದು ಕರೆದ ಸಮಾಜಕ್ಕೆ ಅದು ಬರಿಯ ರೋಗವಾಗಿರಲಿಲ್ಲ, ಮನೆಗೆ ಬಂದ ದೇವಿಯೂ ಆಗಿತ್ತು. ಅವಳನ್ನು ಗೌರವದಿಂದ ಕಳಿಸಿಕೊಡಬೇಕಿತ್ತು. ಇಂಥ ನುಡಿಗಟ್ಟಿನ ಎದುರು ‘ಲಸಿಕೆ ಹಾಕಿಸಿಕೊಳ್ಳಿ’ ಎಂಬ ಸರ್ಕಾರಿ ಆಜ್ಞಾರ್ಥಕ ವಾಕ್ಯ ಎಷ್ಟು ಬಡವಾಗಿ ಕೇಳಿಸಿರಬೇಕು! 1970ರ ದಶಕದಲ್ಲಿ ದೇಶದ ಸಿಡುಬು ನಿರ್ಮೂಲನ ಕಾರ್ಯಕ್ರಮ ತನ್ನ ದಾರಿ ಬದಲಿಸಿದ್ದು ಇಲ್ಲಿ ನೆನೆಯಬೇಕಾದ ಸಂಗತಿ. ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವಿದ್ದ ಕಾರ್ಡು ಹಿಡಿದು ಮನೆಮನೆಗೆ ಹೋದರು. ಇಂಥದ್ದನ್ನು ಎಲ್ಲಾದರೂ ನೋಡಿದ್ದೀರಾ ಎಂದು ಕೇಳಿದರು. ಹೊಸ ಪ್ರಕರಣ ತಿಳಿಸಿದವರಿಗೆ ಘೋಷಿಸಿದ ಬಹುಮಾನ ಏರುತ್ತ 1,000 ರೂಪಾಯಿ ಮುಟ್ಟಿತು. ಹೇಳುವವರು ಕೇಳುವವರಾದರು, ಹಳ್ಳಿಯ ಹೆಂಗಸರು ಮಕ್ಕಳು ತಿಳಿದವರಾದರು. ಭಾರತದ ಕೊನೆಯ ಪ್ರಕರಣ 1975ರದು. 1980ರಲ್ಲಿ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಗೆಲುವಿಗೆ ಲಸಿಕೆಯಷ್ಟೇ ಆ ಪ್ರಶ್ನೆಯೂ ಕಾರಣ.

ಬರವಣಿಗೆಯ ಶಿಕ್ಷಣ ಈ ಕಡೆ ಬೇರೂರಿದ್ದರಲ್ಲಿ ಬಾಸೆಲ್ ಮಿಶನ್ನಿನ ಪಾಲು ದೊಡ್ಡದು. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ 1841ರಲ್ಲಿ ಅಚ್ಚುಕೂಟ ತೆರೆಯಿತು, 1843ರಲ್ಲಿ ಅದರ ಪಾದ್ರಿ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ. 1923ರಲ್ಲಿ ಅದೇ ಮಿಶನ್ನಿನ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ಕಟ್ಟಿದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಕೋಟದ ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನೂ ಆಮೇಲೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಬರೆದು, ವಿಜ್ಞಾನವನ್ನು ಕನ್ನಡದಲ್ಲೇ ಯೋಚಿಸಬಹುದೆಂದು ತೋರಿಸಿದರು.

ಆದರೂ ಶಾಲೆ ಕಲಿಸಿದ ಪ್ರಬಂಧಕ್ಕೂ ಊರು ಕಲಿಸಿದ ಮಾತಿಗೂ ನಡುವೆ ಕಂದರ ಉಳಿಯಿತು. ಪರೀಕ್ಷೆಗೆ ‘ಆರೋಗ್ಯವೇ ಭಾಗ್ಯ’ ಎಂದು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಬರೆದ ಹುಡುಗ ಅದೇ ರಾತ್ರಿ ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಗೆ ಹೋಗಿ ಕುಳಿತರೆ ಬೇರೆಯೇ ಅಲಂಕಾರಶಾಸ್ತ್ರ ಕಾಣುತ್ತಿದ್ದ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮುಗಿದೊಡನೆ ಅರ್ಥಧಾರಿಗಳು ಆಶುವಾಗಿ ವಾದ ಹೂಡುತ್ತಾರೆ. ಎದುರಾಳಿ ಯಾವ ಕ್ಷಣದಲ್ಲೂ ತಡೆದು ಪ್ರಶ್ನಿಸಬಹುದು, ಉತ್ತರ ಅಲ್ಲೇ ಹುಟ್ಟಬೇಕು. ಮುದ್ದಣನೂ ಈ ಗರಡಿಗೆ ಹೊರಗಿನವನಲ್ಲ, ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನು ಬರೆದವನು. ಮನೋರಮೆಯ ಅಡ್ಡಮಾತಿನಲ್ಲಿ ಅರ್ಥಗಾರಿಕೆಯ ಸವಾಲು-ಜವಾಬಿನ ಲಯ ಕೇಳಿಸುವುದು ಆಕಸ್ಮಿಕವಲ್ಲ ಎಂದೇ ಈ ಲೇಖನದ ಅಭಿಪ್ರಾಯ.

ಮಣಿಪಾಲದ ಗುಡ್ಡದ ಮೇಲೆ ಕಲಿತ ಭಾಷೆಗೂ ಊರ ಮಾತಿಗೂ ನಡುವಿನ ಈ ಕಂದರ ಇನ್ನಷ್ಟು ಆಳವಾಯಿತು. ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್‌ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದಾಗ ದೇಶದ ನಾನಾ ಕಡೆಯ ವಿದ್ಯಾರ್ಥಿಗಳು ಬಂದರು. ಪಠ್ಯ ಇಂಗ್ಲಿಷ್, ರೋಗಿಯ ಬಾಯಲ್ಲಿ ತುಳು, ಕುಂದಾಪುರ ಕನ್ನಡ, ಕೊಂಕಣಿ, ಬ್ಯಾರಿ. 1970ರಲ್ಲಿ ಅದೇ ಊರಿನಿಂದ ‘ಉದಯವಾಣಿ’ ದಿನಪತ್ರಿಕೆ ಹೊರಟಿತು. ಅಚ್ಚಿನ ಕನ್ನಡ ಮಧುಮೇಹ, ರಕ್ತದೊತ್ತಡ ಎಂದು ಬರೆದರೆ ಬಸ್ಸಿನಲ್ಲಿ ಕುಳಿತವರು ಶುಗರ್, ಬಿಪಿ ಎನ್ನುತ್ತಾರೆ. ಎದೆ ಹಿಡಿದುಕೊಂಡಾಗ ‘ಗ್ಯಾಸ್ಟ್ರಿಕ್ ಇರಬೇಕು’ ಎಂದುಕೊಂಡು ಸೋಡ ಕುಡಿದು ಕೂರುವವರು ಎಲ್ಲ ಊರಲ್ಲೂ ಇದ್ದಾರೆ. ಹೃದಯಾಘಾತ ಎಂಬ ಪದ ಅವರ ನೋವಿಗೆ ಹೊಂದುವುದೇ ಇಲ್ಲ. ಕುಚ್ಚಲಕ್ಕಿ ಗಂಜಿ ಉಣ್ಣುವವರಿಗೆ ಚಪಾತಿಯ ಪಟ್ಟಿ ಕೊಟ್ಟರೆ ಆ ಚೀಟಿ ಗೋಡೆಯ ಮೊಳೆಗೆ ಸಿಕ್ಕಿಕೊಂಡೇ ಉಳಿಯುತ್ತದೆ.

ಈ ದೃಷ್ಟಿಯಿಂದ ಉಡುಪಿಯ ಗೋವಿಂದ ಪೈ ಸಂಶೋಧನಾ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟು ಭಾಷಾಶಾಸ್ತ್ರಕ್ಕಷ್ಟೇ ಸೇರಿದ್ದಲ್ಲ. ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಕೂಡಿಟ್ಟ ಆ ಪದರಾಶಿ ವಾರ್ಡಿನಲ್ಲಿ ಬೆಲೆಬಾಳುತ್ತದೆ. 2019ರಿಂದ ದೇಶದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಸಂವಹನವೂ ಸ್ಥಳೀಯ ಭಾಷೆಯೂ ಕಲಿಕೆಯ ಭಾಗ. ಮಾತ್ರೆ ಕೊಟ್ಟ ಮೇಲೆ ‘ಗೊತ್ತಾಯ್ತಾ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಮನೆಗೆ ಹೋಗಿ ಇದನ್ನು ಹೇಗೆ ತಗೊಳ್ತೀರಿ, ಒಮ್ಮೆ ಹೇಳಿ ನೋಡುವಾ’ ಎಂದರೆ ಮಾತ್ರ ನಿಜ ಹೊರಬೀಳುತ್ತದೆ.

ಅದೇ 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆಯ ಮಂಗನ ಕಾಯಿಲೆಯ ರೋಗಿಗಳು ಮಣಿಪಾಲಕ್ಕೆ ಬಂದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗದ ಹೆಸರೇ ದಾರಿ ತಪ್ಪಿಸುವಂಥದ್ದು: ಕಣ್ಣು ಮಂಗನ ಕಡೆ ಹೋಗುತ್ತದೆ, ಮನುಷ್ಯನಿಗೆ ರೋಗ ಹತ್ತಿಸುವ ಉಣುಗು ಹೆಸರಿನಲ್ಲೇ ಇಲ್ಲ. ಕಾಡಿಗೆ ಹೋಗಬೇಡಿ, ತರಗೆಲೆ ತರಬೇಡಿ, ಹೋದರೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ ಎಂಬುದು ಸೂಚನೆ. ಮಲೆನಾಡಿನಲ್ಲೂ, ಆಗುಂಬೆ ಇಳಿದು ಹೆಬ್ರಿ, ಕಾರ್ಕಳದ ಕಾಡಂಚಿನಲ್ಲೂ ದನ ಕಟ್ಟಿಕೊಂಡ ಹೆಂಗಸು ಆ ಸೂಚನೆ ಓದಿ ಕೇಳಬಹುದಾದ ಮೊದಲ ಪ್ರಶ್ನೆ ಒಂದೇ: ತರಗೆಲೆ ತರದಿದ್ದರೆ ಕೊಟ್ಟಿಗೆಗೆ ಹಾಸುವುದೇನು, ಗದ್ದೆಗೆ ಗೊಬ್ಬರ ಎಲ್ಲಿಂದ?