ಮಲೆನಾಡಿನ ಕಣಜ ಮತ್ತು ಕೊಟ್ಟಿಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳೆಯ ಒಕ್ಕಲುಮನೆಗಳಲ್ಲಿ ಧಾನ್ಯಕ್ಕೆ ಕಣಜ, ದನಕ್ಕೆ ಕೊಟ್ಟಿಗೆ ಎಂಬ ಎರಡು ಪ್ರತ್ಯೇಕ ರಚನೆಗಳಿದ್ದವು. ಇವುಗಳ ರೂಪವನ್ನು ನಿರ್ಧರಿಸಿದುದು ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಆದುದರಿಂದ ಮಾಡು ಕಡಿದಾಗಿ ಇಳಿಜಾರಾಗಿರುತ್ತಿತ್ತು. ಸೂರು ಆಳೆತ್ತರಕ್ಕೂ ಕೆಳಗೆ ಇಳಿದು ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆಯನ್ನು ಇರಚಲಿನಿಂದ ಕಾಯುತ್ತಿತ್ತು. ಅಡಿಕೆ ಸೋಗೆ ಅಥವಾ ಹುಲ್ಲಿನ ಹೊದಿಕೆಯನ್ನು ಮಳೆಗಾಲಕ್ಕೆ ಮುನ್ನ ಹೊಸದಾಗಿ ಹೊದಿಸಬೇಕಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ ಹೆಂಚು ಕ್ರಮೇಣ ಘಟ್ಟ ಹತ್ತಿತು.

ಕೊಟ್ಟಿಗೆಯನ್ನು ಕೇವಲ ದನ ಕಟ್ಟುವ ಸ್ಥಳವೆಂದು ತಿಳಿಯುವುದು ಸರಿಯಲ್ಲ. ಅದು ತೋಟದ ಗೊಬ್ಬರ ತಯಾರಾಗುವ ಮನೆ. ಸೊಪ್ಪಿನಬೆಟ್ಟದಿಂದ ತಂದ ಸೊಪ್ಪು, ದರಗನ್ನು ನೆಲಕ್ಕೆ ಹಾಸಿ, ಮಲೆನಾಡು ಗಿಡ್ಡ ದನಗಳು ತುಳಿದು ಸಗಣಿ ಗಂಜಲದೊಡನೆ ಬೆರೆತುದನ್ನು ತೆಗೆದು ಅಡಿಕೆ ಮರದ ಬುಡಕ್ಕೆ ಹಾಕುತ್ತಿದ್ದರು. ಮೇಲಿನ ಅಟ್ಟದಲ್ಲಿ ಒಣಹುಲ್ಲು ಇರುತ್ತಿತ್ತು.

ಕಣಜದ ಕಥೆ ಬೇರೆ. ನೆಲದ ತೇವ ತಾಗದಂತೆ ಎತ್ತರಿಸಿ, ಮರದ ಹಲಗೆಗಳಿಂದ ಅದನ್ನು ಕಟ್ಟುತ್ತಿದ್ದರು. ಬಿದಿರಿನಲ್ಲಿ ಹೆಣೆದು ಸಗಣಿ ಸಾರಿಸಿದ ಕಣಜಗಳೂ ಇದ್ದವು. ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ನೆಲದ ಗುಣವನ್ನು ನೋಡಿ ಕಂದಾಯ ನಿಗದಿಪಡಿಸಿದ ಕ್ರಮವೆಂದು ಪ್ರಸಿದ್ಧ. ಆದರೆ ಗೇಣಿಯ ಭತ್ತ ಒಡೆಯರ ಕಣಜ ಸೇರುವಾಗ ಎಲ್ಲವೂ ನಿಂತಿದ್ದುದು ಕೊಳಗದ ಮೇಲೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗ ತುಸು ದೊಡ್ಡದಾದರೂ ಗೇಣಿದಾರನ ಮನೆಯ ಕಣಜ ಅಷ್ಟು ಬರಿದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದುದಕ್ಕೆ ಈ ಅಳತೆಯ ಅನ್ಯಾಯವೂ ಕಾರಣ. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ನಮ್ಮ ಹಿರಿಯರಲ್ಲಿ ಒಡೆಯರೂ ಇದ್ದರು, ಗೇಣಿದಾರರೂ ಇದ್ದರು. ಕಣಜದ ಇತಿಹಾಸದಲ್ಲಿ ಈ ಪುಟವನ್ನು ಬಿಡಲಾಗದು. 1974ರ ಭೂಸುಧಾರಣಾ ತಿದ್ದುಪಡಿಯ ತರುವಾಯ ಗೇಣಿ ನಿಂತು, ದೊಡ್ಡ ಕಣಜಗಳು ಬರಿದಾದವು.

ಅದಕ್ಕೂ ಮೊದಲೇ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳನ್ನು ಅವುಗಳ ಕಣಜ ಕೊಟ್ಟಿಗೆಗಳ ಸಮೇತ ಮುಳುಗಿಸಿತ್ತು.

ಉಳಿದ ಕೊಟ್ಟಿಗೆಗಳಲ್ಲಿ ಈಗ ಅಡಿಕೆ ಸುಲಿಯುವ ಯಂತ್ರ, ಬೈಕು, ಗೊಬ್ಬರದ ಚೀಲಗಳು ಕಾಣುತ್ತವೆ. ನೆಲಕ್ಕೆ ಸಿಮೆಂಟು ಬಿದ್ದಲ್ಲಿ ಸೊಪ್ಪು ಹಾಸುವುದು ನಿಂತಿದೆ. ಹಳೆಯ ಮನೆಯ ಅಂಗಾಂಗಗಳನ್ನು ಕಣ್ಣಾರೆ ಕಾಣಬಯಸುವವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಬಹುದು. ಅಲ್ಲಿ ಕುವೆಂಪು ಅವರ ಮನೆ ವಸ್ತುಸಂಗ್ರಹಾಲಯವಾಗಿದೆ.