ಕೈಫೆಂಗ್ ನಗರದ ಭೋಜನಶಾಲೆಗಳು

ರಾಜರ ಚರಿತ್ರೆಯನ್ನು ಬರೆಯುವವರಿಗೆ ಶಾಸನಗಳುಂಟು, ಪ್ರಶಸ್ತಿಗಳುಂಟು; ನಗರದ ಜನರ ಚರಿತ್ರೆಯನ್ನು ಬರೆಯಹೊರಟವರಿಗೆ ಅಂತಹ ಆಧಾರಗಳು ವಿರಳ. ಜನರು ಎಲ್ಲಿ ಉಂಡರು, ಏನನ್ನು ಉಂಡರು, ಬಡಿಸಿದವರು ಯಾರು ಎಂಬ ಸಂಗತಿಗಳನ್ನು ಬರೆದಿಡಲು ತಕ್ಕವೆಂದು ಎಣಿಸಿದ ಗ್ರಂಥಕಾರರು ಹಿಂದಿನ ಕಾಲದಲ್ಲಿ ಸ್ವಲ್ಪವೇ ಮಂದಿ. ಚೀನಾದೇಶದ ಸುಂಗ್ ರಾಜವಂಶದ ಕಾಲದಲ್ಲಿ (ಕ್ರಿ.ಶ. ೯೬೦–೧೨೭೯) ಹುಟ್ಟಿದ ನಗರವರ್ಣನ ಗ್ರಂಥಗಳು ಈ ಮಾತಿಗೆ ದೊಡ್ಡ ಅಪವಾದವಾಗಿವೆ. ಇವುಗಳಲ್ಲಿ ಮೊದಲನೆಯದೂ ಉಳಿದವಕ್ಕೆ ಮಾದರಿಯೂ ಆದುದು ಮೆಂಗ್ ಯುವಾನ್‌ಲಾವ್ ಎಂಬವನ ‘ಡುಂಗ್‌ಜಿಂಗ್ ಮೆಂಗ್‌ಹುವಾ ಲು’. ಎಂದರೆ ‘ಪೂರ್ವ ರಾಜಧಾನಿಯ ಕನಸಿನ ವೈಭವದ ಲೇಖ’. ಈ ಗ್ರಂಥವು ಕೈಫೆಂಗ್ ನಗರದ ಭೋಜನಶಾಲೆಗಳ ವಿಷಯವಾಗಿ ಹೇಳುವುದೇನು, ಊರನ್ನು ಕಳೆದುಕೊಂಡವನೊಬ್ಬನ ಈ ಮಾತುಗಳನ್ನು ಚರಿತ್ರಕಾರನು ಎಷ್ಟರಮಟ್ಟಿಗೆ ಪ್ರಮಾಣವಾಗಿ ಗ್ರಹಿಸಬಹುದು ಎಂಬೆರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಮಾಡುತ್ತೇವೆ.

೧. ಗ್ರಂಥಕಾರನೂ ಗ್ರಂಥವೂ

ಮೆಂಗನು ಕ್ರಿ.ಶ. ೧೧೦೩ರಲ್ಲಿ ತಂದೆಯ ಜೊತೆಯಲ್ಲಿ ಕೈಫೆಂಗ್ ನಗರಕ್ಕೆ ಬಂದನು. ಅಲ್ಲಿಯೇ ಬೆಳೆದು ದೊಡ್ಡವನಾಗಿ, ಇಪ್ಪತ್ತಕ್ಕೆ ಮೇಲ್ಪಟ್ಟು ವರ್ಷಗಳನ್ನು ಕಳೆದನು. ಆಗ ಆಳುತ್ತಿದ್ದವನು ಚಿತ್ರಕಾರನೂ ಸುಂದರ ಲಿಪಿಕಾರನೂ ಆಗಿದ್ದ ಹುಯಿತ್ಸುಂಗ್ ಚಕ್ರವರ್ತಿ. ೧೧೨೭ರಲ್ಲಿ ಉತ್ತರದ ಜುರ್ಚೆನ್ ಜನಾಂಗದ ಜಿನ್ ರಾಜ್ಯದವರು ನಗರವನ್ನು ಹಿಡಿದು, ಹುಯಿತ್ಸುಂಗನನ್ನೂ ಅವನ ಮಗನನ್ನೂ ಸೆರೆಯಾಗಿ ಒಯ್ದರು. ಮೆಂಗನು ದಕ್ಷಿಣಕ್ಕೆ ಓಡಿಹೋಗಿ ಅಲ್ಲಿ ಮುದುಕನಾದನು. ತನ್ನ ನೆರೆಯ ಕಿರಿಯರು ಹಳೆಯ ರಾಜಧಾನಿಯ ಸುದ್ದಿಯನ್ನು ತಪ್ಪಾಗಿ ಆಡುವುದನ್ನು ಕೇಳಿ, ತಾನು ಕಂಡದ್ದು ತನ್ನೊಡನೆ ಅಳಿದುಹೋಗಬಾರದೆಂದು ೧೧೪೭ರಲ್ಲಿ ಹತ್ತು ಅಧ್ಯಾಯಗಳ ಈ ಗ್ರಂಥವನ್ನು ಮುಗಿಸಿದನು. ಅದು ಅಚ್ಚಾದುದು ೧೧೮೭ರಲ್ಲಿ. ನಗರವು ಬಿದ್ದು ಇಪ್ಪತ್ತು ವರ್ಷಗಳಾದ ಮೇಲೆ ಬರಿಯ ಸ್ಮೃತಿಯನ್ನು ನೆಚ್ಚಿ ಬರೆದ ಗ್ರಂಥವಿದು ಎಂಬುದನ್ನು ವಾಚಕರು ಮೊದಲೇ ಮನಸ್ಸಿನಲ್ಲಿಡಬೇಕು.

೨. ರಾತ್ರಿ ತೆರೆದ ನಗರ

ಸುಂಗ್ ಕಾಲಕ್ಕೆ ಮುಂಚಿನ ಟಾಂಗ್ ವಂಶದ ರಾಜಧಾನಿಯಾದ ಚಾಂಗ್‌ಆನ್ ನಗರವು ಗೋಡೆಗಳಿಂದ ಸುತ್ತುವರಿದ ನೂರಕ್ಕೂ ಹೆಚ್ಚು ಕೇರಿಗಳಾಗಿ ವಿಭಾಗವಾಗಿತ್ತು. ಸಂಜೆಯ ನಗಾರಿಯಾದ ಮೇಲೆ ಕೇರಿಯ ಬಾಗಿಲುಗಳನ್ನು ಮುಚ್ಚುತ್ತಿದ್ದರು; ವ್ಯಾಪಾರವು ಎರಡು ಪೇಟೆಗಳಿಗೆ ಕಟ್ಟುಬಿದ್ದಿತ್ತು. ಕೈಫೆಂಗಿನಲ್ಲಿ ಈ ಕಟ್ಟು ಕ್ರಮವಾಗಿ ಸಡಿಲವಾಯಿತು. ಸುಂಗ್ ವಂಶದ ಮೊದಲನೆಯ ಚಕ್ರವರ್ತಿಯು ೯೬೫ರಲ್ಲಿ, ರಾಜಧಾನಿಯ ರಾತ್ರಿಯ ಸಂತೆಯನ್ನು ಮೂರನೆಯ ಜಾವದ ನಗಾರಿಯವರೆಗೆ ತಡೆಯಬಾರದೆಂದು ಅಪ್ಪಣೆ ಮಾಡಿದನು. ಮೆಂಗನ ಕಾಲಕ್ಕೆ ಅಂಗಡಿಗಳು ಬೀದಿಬೀದಿಗೂ ಹರಡಿದ್ದುವು. ರಾತ್ರಿಯ ಸಂತೆಯು ಮೂರನೆಯ ಜಾವ ಕಳೆದ ಮೇಲೆ ಮುಗಿದು ಐದನೆಯ ಜಾವಕ್ಕೆ ಮತ್ತೆ ತೆರೆಯುತ್ತಿತ್ತು. ಜನಸಂದಣಿಯ ಸ್ಥಳಗಳಲ್ಲಿ ಬೆಳಗಾಗುವವರೆಗೂ ಮುಚ್ಚುತ್ತಿರಲಿಲ್ಲ. ಒಂದು ಬೀದಿಯಲ್ಲಿ ದೀಪದ ಎಣ್ಣೆಯ ಹೊಗೆಗೆ ಸೊಳ್ಳೆಗಳೇ ಇರಲಿಲ್ಲವೆಂದು ಆ ಕಾಲದವನೇ ಆದ ತ್ಸಾಯ್ ತಾವ್ ಎಂಬವನು ಬೇರೊಂದು ಗ್ರಂಥದಲ್ಲಿ ಹೇಳಿದ್ದಾನೆ.

ನಗರದ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸಿನಲ್ಲಿತ್ತೆಂದು ಚರಿತ್ರಕಾರರ ಅಂದಾಜು. ವ್ಯಾಪಾರದ ಮನೆಗಳವರು ಅನೇಕರು ಮನೆಯಲ್ಲಿ ಕಾಯಿಪಲ್ಯವನ್ನೇ ಇಡದೆ, ಹೊತ್ತುಹೊತ್ತಿಗೆ ಅಂಗಡಿಯಿಂದ ಆಹಾರವನ್ನು ಕೊಂಡು ತರುತ್ತಿದ್ದರೆಂದು ಮೆಂಗನು ಹೇಳುತ್ತಾನೆ. ಆದುದರಿಂದ ಭೋಜನಶಾಲೆಯು ಅಲ್ಲಿ ಸಿರಿವಂತರ ವಿಲಾಸಮಾತ್ರವಲ್ಲ, ನಗರಜೀವನದ ಅಂಗವೇ ಆಗಿತ್ತು.

೩. ಶಾಲೆಗಳ ಭೇದಗಳು

ಮದ್ಯವನ್ನೂ ಊಟವನ್ನೂ ಒದಗಿಸುತ್ತಿದ್ದ ದೊಡ್ಡ ಮನೆಗಳಿಗೆ ‘ಜೆಂಗ್‌ಡಿಯನ್’, ಎಂದರೆ ಪ್ರಧಾನಶಾಲೆ ಎಂದು ಹೆಸರು. ಇವು ಎಪ್ಪತ್ತೆರಡು ಇದ್ದುವು. ಉಳಿದವುಗಳಿಗೆ ‘ಜಿಯಾವ್‌ಡಿಯನ್’, ಎಂದರೆ ಪಾದದ ಅಂಗಡಿ ಎಂದು ಹೆಸರು. ಈ ಭೇದಕ್ಕೆ ಮೂಲ ರಾಜಸ್ವದಲ್ಲಿದೆ. ರಾಜಧಾನಿಯಲ್ಲಿ ಮದ್ಯದ ಹುದುಗಿನ ಮಾರಾಟ ಸರ್ಕಾರದ ಹಕ್ಕು. ಪ್ರಧಾನಶಾಲೆಗಳು ಅದನ್ನು ಕೊಂಡು ಮದ್ಯವನ್ನು ಇಳಿಸುತ್ತಿದ್ದುವು. ಸಣ್ಣ ಅಂಗಡಿಗಳು ಅವುಗಳಿಂದ ಮದ್ಯವನ್ನು ತಂದು ಮಾರುತ್ತಿದ್ದುವು. ೧೦೨೭ರ ರಾಜಾಜ್ಞೆಯೊಂದರಂತೆ, ಬೈಫಾನ್‌ಲೌ ಎಂಬ ಪ್ರಧಾನಶಾಲೆಯನ್ನು ಗುತ್ತಿಗೆ ಹಿಡಿಯುವವನಿಗೆ ನಗರದ ಮೂರು ಸಾವಿರ ಸಣ್ಣ ಅಂಗಡಿಗಳನ್ನು ನಿಗದಿಮಾಡಿ ಕೊಡಬೇಕೆಂದೂ, ಅವು ದಿನವೂ ಅಲ್ಲಿಂದಲೇ ಮದ್ಯವನ್ನು ಪಡೆಯಬೇಕೆಂದೂ ಗೊತ್ತಾಯಿತು. ಒಂದೊಂದು ಬಟ್ಟಲಿನ ಹಿಂದೆಯೂ ಬೊಕ್ಕಸದ ಕೈಯಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದೇ ಬೈಫಾನ್‌ಲೌ ಮುಂದೆ ಫೆಂಗ್‌ಲ್ಯಲೌ ಎಂಬ ಹೆಸರನ್ನು ಪಡೆಯಿತು. ಹುಯಿತ್ಸುಂಗನ ಕಾಲದಲ್ಲಿ ಅದನ್ನು ಮೂರು ಅಂತಸ್ತಿನ ಐದು ಕಟ್ಟಡಗಳಾಗಿ ಹೊಸದಾಗಿ ಕಟ್ಟಿ, ಒಂದರಿಂದೊಂದಕ್ಕೆ ಕಟಾಂಜನವುಳ್ಳ ಮೇಲ್ಸೇತುವೆಗಳನ್ನು ಹಾಕಿದ್ದರು. ಅದರ ಪಶ್ಚಿಮದ ಕಟ್ಟಡವೊಂದರಿಂದ ಅರಮನೆಯ ಒಳಭಾಗವು ಕಾಣುತ್ತಿದ್ದುದರಿಂದ, ಜನರು ಅದನ್ನು ಹತ್ತದಂತೆ ಆಮೇಲೆ ನಿಷೇಧವಾಯಿತು. ಅರಮನೆಯ ಮೇಲೆ ಕಣ್ಣುಹಾಯಿಸುವಷ್ಟು ಎತ್ತರದ ಊಟದ ಮನೆಯನ್ನು ಕಟ್ಟಲು ಮೊದಲು ಅವಕಾಶವಿತ್ತೆಂಬುದೇ ಆ ನಗರದ ಸ್ವಭಾವವನ್ನು ಹೇಳುತ್ತದೆ.

ಊಟದ ಅಂಗಡಿಗಳಲ್ಲಿ ದೇಶಭೇದವೂ ಇತ್ತು. ಉತ್ತರದ ಅಡಿಗೆಯಲ್ಲದೆ, ‘ದಕ್ಷಿಣದ ಊಟದ ಅಂಗಡಿ’ಗಳೂ ಸಿಚುವಾನ್ ಪ್ರಾಂತದ ಊಟದ ಅಂಗಡಿಗಳೂ ಇದ್ದುವು. ಬೌದ್ಧವಿಹಾರಗಳ ಊಟದಂತೆ ಶಾಕಾಹಾರವನ್ನೇ ಬಡಿಸುವ ಶಾಲೆಗಳೂ ಪ್ರತ್ಯೇಕವಾಗಿದ್ದುವು.

೪. ಬಡಿಸುವ ಕ್ರಮ

ಗ್ರಂಥದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದು. ಅತಿಥಿಗಳು ಕುಳಿತೊಡನೆ ಒಬ್ಬನು ಊಟದ ಕಡ್ಡಿಗಳನ್ನೂ ಕಾಗದವನ್ನೂ ಹಿಡಿದು ಬಂದು ಪ್ರತಿಯೊಬ್ಬರನ್ನೂ ವಿಚಾರಿಸುತ್ತಿದ್ದನು. ಒಬ್ಬರು ಬಿಸಿಯನ್ನು ಕೇಳಿದರೆ ಇನ್ನೊಬ್ಬರು ತಣ್ಣನೆಯದನ್ನು, ಮತ್ತೊಬ್ಬರು ಕೊಬ್ಬು ಹೆಚ್ಚಾಗಿರುವುದನ್ನು ಕೇಳುವರು, ಒಬ್ಬರಂತೆ ಒಬ್ಬರಿಲ್ಲ. ಬಡಿಸುವವನು ಅಡಿಗೆಯ ಕಟ್ಟೆಯ ಬಳಿ ನಿಂತು, ಇವೆಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ರಾಗವಾಗಿ ಕೂಗಿ ಒಪ್ಪಿಸುತ್ತಿದ್ದನು. ಕ್ಷಣಮಾತ್ರದಲ್ಲಿ ಎಡಗೈಯಲ್ಲಿ ಮೂರು ಬಟ್ಟಲುಗಳನ್ನೂ, ಬಲಗೈಯ ಬೆರಳಿಂದ ಹೆಗಲಿನವರೆಗೆ ಒಂದರ ಮೇಲೊಂದಾಗಿ ಸುಮಾರು ಇಪ್ಪತ್ತು ಬಟ್ಟಲುಗಳನ್ನೂ ಹೊತ್ತು ತಂದು, ಕೇಳಿದವರಿಗೆ ಕೇಳಿದ್ದನ್ನು ತಪ್ಪದೆ ಇಡುತ್ತಿದ್ದನು. ಒಂದು ತಪ್ಪಿದರೂ ಅತಿಥಿಯು ಯಜಮಾನನಿಗೆ ದೂರುವನು. ಯಜಮಾನನು ಆಳನ್ನು ಬೈಯುವನು, ಕೂಲಿಯನ್ನು ಕಡಿಯುವನು, ತಪ್ಪು ದೊಡ್ಡದಾದರೆ ಕೆಲಸದಿಂದಲೇ ಓಡಿಸುವನು. ಹಿಂದೆ ಬರಿಯ ಚಮಚವನ್ನು ಬಳಸುತ್ತಿದ್ದ ಕಡೆ ಈಗ ಕಡ್ಡಿಗಳು ಬಂದಿವೆ ಎಂಬ ಸಣ್ಣ ಸಂಗತಿಯನ್ನೂ ಮೆಂಗನು ಬಿಟ್ಟಿಲ್ಲ.

ದೊಡ್ಡ ಮನೆಗಳಲ್ಲಿ ಇಬ್ಬರೇ ಕುಳಿತರೂ ಅವರ ಮುಂದಿಡುವ ಬೆಳ್ಳಿಯ ಪಾತ್ರೆಗಳ ತೂಕವು ನೂರು ಲಿಯಾಂಗ್‌ಗಳ ಸಮೀಪಕ್ಕೆ ಬರುತ್ತಿತ್ತು. ಎರಡು ಮೂರು ಸಲ ಮದ್ಯವನ್ನು ಕೊಂಡ ಸಣ್ಣ ಅಂಗಡಿಯವನಿಗೆ ಮುನ್ನೂರು ಐನೂರು ಲಿಯಾಂಗ್ ತೂಕದ ಬೆಳ್ಳಿಯನ್ನು ಎರವಾಗಿ ಕೊಡಲು ಪ್ರಧಾನಶಾಲೆಯವರು ಹಿಂಜರಿಯುತ್ತಿರಲಿಲ್ಲ. ಬಡವರ ಮನೆಗೆ ಮದ್ಯವನ್ನು ಕಳುಹಿಸುವಾಗಲೂ ಬೆಳ್ಳಿಯ ಪಾತ್ರೆಯಲ್ಲಿಯೇ ಕಳುಹಿಸುತ್ತಿದ್ದರು.

೫. ಹಾಂಗ್‌ಚೌ ನಗರದ ಉತ್ತರಕಥೆ

ಕೈಫೆಂಗ್ ಬಿದ್ದ ಮೇಲೆ ಸುಂಗ್ ಅರಸರು ದಕ್ಷಿಣದ ಹಾಂಗ್‌ಚೌ ನಗರವನ್ನು ೧೧೩೮ರಲ್ಲಿ ತಮ್ಮ ಬೀಡನ್ನಾಗಿ ಮಾಡಿಕೊಂಡರು. ೧೨೩೫ರಲ್ಲಿ ಆ ನಗರವನ್ನು ವರ್ಣಿಸಿದ ‘ಡುಚೆಂಗ್ ಜಿಶೆಂಗ್’ ಎಂಬ ಗ್ರಂಥವು, ಅಲ್ಲಿಯ ಊಟದ ಅಂಗಡಿಗಳಲ್ಲಿ ಬಹುಪಾಲು ಹಳೆಯ ರಾಜಧಾನಿಯವರು ತೆರೆದವೇ ಎಂದು ಹೇಳುತ್ತದೆ. ಜೌ ಮಿ ಎಂಬವನು ಬರೆದಿಟ್ಟ ಒಂದು ಸಂಗತಿಯೂ ಇಲ್ಲಿ ಸ್ಮರಣೀಯವಾಗಿದೆ. ೧೧೭೯ರಲ್ಲಿ, ಸಿಂಹಾಸನವನ್ನು ಬಿಟ್ಟಿದ್ದ ಮುದಿ ಚಕ್ರವರ್ತಿ ಗಾವ್‌ತ್ಸುಂಗನು ಪಶ್ಚಿಮ ಸರೋವರದಲ್ಲಿ ದೋಣಿಯ ವಿಹಾರದಲ್ಲಿದ್ದಾಗ, ಮೀನಿನ ಸಾರನ್ನು ಮಾರುವ ಸುಂಗ್ ಮನೆತನದ ಹೆಂಗಸೊಬ್ಬಳು, ತಾನು ಪೂರ್ವ ರಾಜಧಾನಿಯವಳೆಂದೂ ಅರಸರ ಹಿಂದೆಯೇ ಇಲ್ಲಿಗೆ ಬಂದವಳೆಂದೂ ವಿಜ್ಞಾಪಿಸಿದಳು. ಅರಸನು ಅವಳ ಮುಪ್ಪನ್ನು ಕಂಡು ಮರುಗಿ, ಹಣವನ್ನೂ ರೇಷ್ಮೆಯನ್ನೂ ಕೊಡಿಸಿದನು. ರಾಜ್ಯವನ್ನು ಕಳೆದುಕೊಂಡವನಿಗೂ ಬೀದಿಯಲ್ಲಿ ಸಾರು ಮಾರುವವಳಿಗೂ ಉಳಿದಿದ್ದ ಸಮಾನಧನ ಆ ಊರಿನ ನೆನಪೊಂದೇ.

ಹದಿಮೂರನೆಯ ಶತಮಾನದ ಕಡೆಯ ಭಾಗದ ‘ಮೆಂಗ್‌ಲಿಯಾಂಗ್ ಲು’ ಎಂಬ ಗ್ರಂಥದಲ್ಲಿ ವೂ ತ್ಸಮು ಎಂಬವನು ಈ ಕಥೆಯ ಕೊನೆಯನ್ನು ಹೇಳಿದ್ದಾನೆ. ಕೈಫೆಂಗಿನಲ್ಲಿ ದಕ್ಷಿಣದ ಅಂಗಡಿಗಳು ಹುಟ್ಟಿದುದು ಉತ್ತರದ ಊಟ ಒಗ್ಗದೆ ಕಷ್ಟಪಡುತ್ತಿದ್ದ ದಕ್ಷಿಣದ ಅಧಿಕಾರಿಗಳಿಗಾಗಿ; ದಕ್ಷಿಣಕ್ಕೆ ಬಂದು ಸುಮಾರು ಇನ್ನೂರು ವರ್ಷಗಳಾಗಿರುವ ಈಗ, ನೀರೂ ನೆಲವೂ ಒಗ್ಗಿಹೋಗಿ, ಉತ್ತರ ದಕ್ಷಿಣಗಳ ಊಟದಲ್ಲಿ ಭೇದವೇ ಉಳಿದಿಲ್ಲ ಎಂದು ಅವನ ಮಾತಿನ ತಾತ್ಪರ್ಯ. ಊರು ಬಿಟ್ಟುಬಂದವನ ನಾಲಗೆಯ ಅಗತ್ಯದಿಂದ ಹುಟ್ಟಿದ ಸಂಸ್ಥೆಯು, ಅವನು ಹೊಸ ಊರಿನವನೇ ಆದಮೇಲೆ, ತನ್ನ ಬೇರೆತನವನ್ನು ಬಿಟ್ಟುಕೊಟ್ಟಿತು.

೬. ಪ್ರಾಮಾಣ್ಯವಿಚಾರ

ಇಂತಹ ಗ್ರಂಥಗಳ ಮೇಲೆ ಬರುವ ಆಕ್ಷೇಪಣೆ ಸುಲಭವಾದುದು: ಇದು ವಿರಹಿಯ ವಿಲಾಪ, ಕಳೆದುಹೋದದ್ದೆಲ್ಲವೂ ಅವನಿಗೆ ಸುಂದರ, ಇದನ್ನು ಚರಿತ್ರೆಯೆಂದು ಹೇಗೆ ಹೇಳುವುದು? ಈ ಪ್ರಶ್ನೆಯ ವಿಚಾರಣೆಗೆ ನಮ್ಮ ಮೀಮಾಂಸಕರ ಅರ್ಥವಾದವಿಭಾಗವು ಉಪಯುಕ್ತವಾಗಿದೆ. ಬೇರೆ ಪ್ರಮಾಣಕ್ಕೆ ವಿರುದ್ಧವಾದ ಸ್ತುತಿವಾಕ್ಯವು ಗುಣವಾದ. ಬೇರೆ ಪ್ರಮಾಣದಿಂದ ನಿಶ್ಚಿತವಾದುದನ್ನೇ ಹೇಳುವುದು ಅನುವಾದ. ವಿರೋಧವೂ ನಿಶ್ಚಯವೂ ಇಲ್ಲದಿದ್ದಲ್ಲಿ ಭೂತಾರ್ಥವಾದ.

ವೂ ತ್ಸಮುವಿನ ‘ಇನ್ನೂರು ವರ್ಷ’ವು ಗುಣವಾದ, ೧೧೨೭ರಿಂದ ವಂಶವು ಅಳಿದ ೧೨೭೯ರವರೆಗೆ ಲೆಕ್ಕ ಹಾಕಿದರೂ ೧೫೨ ವರ್ಷಗಳೇ ಆಗುತ್ತವೆ. ಮೆಂಗನು ಹೇಳುವ ಪ್ರಧಾನಶಾಲೆ ಮತ್ತು ಪಾದದ ಅಂಗಡಿಗಳ ಭೇದವು ಅನುವಾದ. ೧೦೨೭ರ ರಾಜಾಜ್ಞೆಯಲ್ಲಿಯೂ ಅದು ಇದೆ, ಜಾಂಗ್ ತ್ಸೆದುವಾನನ ‘ಚಿಂಗ್‌ಮಿಂಗ್’ ಚಿತ್ರಪಟದಲ್ಲಿ ಅಲಂಕೃತ ದ್ವಾರಗಳುಳ್ಳ ಮನೆಗಳ ಮುಂದಿನ ಹೆಸರುಹಲಗೆಗಳಲ್ಲಿಯೂ ಆ ಎರಡು ಮಾತುಗಳನ್ನು ಇಂದಿಗೂ ಓದಬಹುದು. ಬಡಿಸುವವನ ವರ್ಣನೆಯು ಭೂತಾರ್ಥವಾದ. ಇಲ್ಲಿ ಇನ್ನೊಂದು ಯುಕ್ತಿಯನ್ನೂ ಸೇರಿಸಬಹುದು: ಹೊಗಳಿಕೆಗೆ ಉಪಯೋಗವಿಲ್ಲದ ಸಂಗತಿಯನ್ನು ಹೊಗಳುವವನು ಕಲ್ಪಿಸುವುದಿಲ್ಲ. ಇಪ್ಪತ್ತು ಬಟ್ಟಲುಗಳ ಚಮತ್ಕಾರ ಸ್ತುತಿಗಾಗಿ ಇರಬಹುದು; ಆಳಿನ ಕೂಲಿಯನ್ನು ಕಡಿದ ಸಂಗತಿಯಿಂದ ನಗರದ ಕೀರ್ತಿಗೆ ಬರುವ ಲಾಭವೇನು? ಅದು ಕಂಡವನ ಮಾತು.

ಈ ಸಾಕ್ಷಿಯ ಮೌನವನ್ನೂ ಗಮನಿಸಬೇಕು. ಹುಯಿತ್ಸುಂಗನ ಉದ್ಯಾನಕ್ಕಾಗಿ ದಕ್ಷಿಣದಿಂದ ವಿಚಿತ್ರ ಶಿಲೆಗಳನ್ನೂ ಗಿಡಗಳನ್ನೂ ಸಾಗಿಸಿದುದರಿಂದ ಪ್ರಜೆಗಳು ಪಟ್ಟ ಪಾಡು, ೧೧೨೦ರಲ್ಲಿ ಫಾಂಗ್ ಲಾ ಎಂಬವನ ನಾಯಕತ್ವದಲ್ಲಿ ಎದ್ದ ದಂಗೆ, ಇವುಗಳ ವಿಚಾರಣೆ ಈ ಹತ್ತು ಅಧ್ಯಾಯಗಳಲ್ಲಿಲ್ಲ. ಬಟ್ಟಲು ತುಂಬಿದ್ದುದು ಹೇಗೆಂದು ಇವನು ಹೇಳುತ್ತಾನೆ. ಅದನ್ನು ತುಂಬಿಸಲು ಯಾರು ಬರಿದಾದರೆಂದು ಹೇಳುವುದಿಲ್ಲ. ಅದನ್ನು ಬೇರೆ ಆಧಾರಗಳಿಂದ ತಿಳಿಯಬೇಕು.

೭. ನಮ್ಮ ಗ್ರಂಥಗಳೊಡನೆ ಹೋಲಿಕೆ

ಕೈಫೆಂಗ್ ಬಿದ್ದ ಎರಡು ವರ್ಷಗಳಿಗೆ, ಸುಮಾರು ೧೧೨೯ರಲ್ಲಿ, ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹುಟ್ಟಿತು. ಅದರ ಅನ್ನಭೋಗಪ್ರಕರಣದಲ್ಲಿ ಅಡಿಗೆಯ ವಿವರಗಳು ವಿಪುಲವಾಗಿವೆ. ಅದಕ್ಕೆ ನೂರು ವರ್ಷ ಮೊದಲೇ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರವು ಕನ್ನಡದಲ್ಲಿ ಬಂದಿತ್ತು. ಆದರೆ ಮೊದಲನೆಯದರಲ್ಲಿ ಉಣ್ಣುವವನು ಅರಸು. ಎರಡನೆಯದರಲ್ಲಿ ಇರುವುದು ಅಡಿಗೆಯ ವಿಧಿ. ಹಣ ಕೊಟ್ಟು ಉಣ್ಣುವ ದಾರಿಹೋಕನು ಎರಡರಲ್ಲಿಯೂ ಕಾಣುವುದಿಲ್ಲ. ಅಂತಹವನು ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ಬೇಯಿಸಿದ ಅನ್ನವನ್ನೂ ಮಾಂಸವನ್ನೂ ಮಾರುವವರನ್ನು ಕೌಟಿಲ್ಯನ ಅರ್ಥಶಾಸ್ತ್ರವು ಹೆಸರಿಸುತ್ತದೆ. ಆಸನಗಳೂ ಕೋಣೆಗಳೂ ಉಳ್ಳ ಪಾನಾಗಾರಗಳನ್ನು ವಿಧಿಸುತ್ತದೆ. ಆದರೆ ಆ ಶಾಸ್ತ್ರಕ್ಕೆ ಅವರು ಕಾವಲಿಗೆ ವಿಷಯ, ವರ್ಣನೆಗೆ ಅಲ್ಲ. ಮನುಸ್ಮೃತಿಯಾದರೋ ಆಪತ್ಕಾಲದಲ್ಲಿ ವ್ಯಾಪಾರಕ್ಕಿಳಿದ ಬ್ರಾಹ್ಮಣನಿಗೂ ಪಕ್ವಾನ್ನದ ವಿಕ್ರಯವನ್ನು ನಿಷೇಧಿಸಿತು. ಅನ್ನವು ದಾನಕ್ಕೆ ಯೋಗ್ಯ, ಪಣ್ಯಕ್ಕೆ ಅಲ್ಲ ಎಂಬ ಭಾವನೆ ಬಲವಾಗಿದ್ದಲ್ಲಿ ಸತ್ರವನ್ನು ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಅನ್ನವನ್ನು ಮಾರಿದವನ ಹೆಸರು ಎಲ್ಲಿಯೂ ಉಳಿಯುವುದಿಲ್ಲ.

ಆದುದರಿಂದ ನಮ್ಮ ಪ್ರಾಚೀನ ನಗರಗಳ ದಿನಚರಿಯನ್ನು ಹುಡುಕುವವರು ಪ್ರಭುಗಳ ಗ್ರಂಥಗಳನ್ನೇ ನೆಚ್ಚಿ ಕೂರದೆ, ಸಂತೆಯ ಸುಂಕವನ್ನು ಹೇಳುವ ಶಾಸನಗಳನ್ನೂ ಕಾವ್ಯಗಳಲ್ಲಿ ಪ್ರಸಂಗವಶಾತ್ ಬರುವ ಅಂಗಡಿಬೀದಿಯ ವರ್ಣನೆಗಳನ್ನೂ ಮೇಲೆ ಹೇಳಿದ ಕ್ರಮದಿಂದ ಶೋಧಿಸಬೇಕು. ಮೆಂಗನು ಪಂಡಿತನೆಂದು ಹೆಸರಾದವನಲ್ಲ. ಅವನ ಶೈಲಿಯೂ ಪ್ರೌಢವಲ್ಲ. ಆದರೂ ಎರಡು ಅರಸುಮನೆಗಳೂ ಮೂರು ಅಂತಸ್ತಿನ ಆ ಶಾಲೆಗಳೂ ಅಳಿದ ಮೇಲೆ, ಹೆಗಲವರೆಗೆ ಬಟ್ಟಲುಗಳನ್ನು ಹೊತ್ತ ಆ ಹೆಸರಿಲ್ಲದ ಆಳು ಅವನ ಪುಟಗಳಲ್ಲಿ ಇನ್ನೂ ನಡೆದುಬರುತ್ತಿದ್ದಾನೆ. ಚರಿತ್ರೆಗೆ ಇದು ಸಣ್ಣ ಲಾಭವಲ್ಲ.